ಬೆಳಗಾವಿಯ ಹಳೆಯ ಕಾಲೇಜುಗಳ ಪದವಿ ಪತ್ರ: ಯಾವ ವರ್ಷಕ್ಕೆ ಯಾವ ವಿಶ್ವವಿದ್ಯಾಲಯ?

ಟಿಳಕವಾಡಿ_ಓದುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಹಳೆಯ ಕಲಾ–ವಿಜ್ಞಾನ ಕಾಲೇಜೊಂದರ ಸ್ಮರಣ ಸಂಚಿಕೆಗೆ ನಾಲ್ಕು ಪುಟದ ಟಿಪ್ಪಣಿ ಬೇಕಾಗಿದೆ. ಕಾಲೇಜು ಯಾವ ಕಾಲದಲ್ಲಿ ಯಾವ ವಿಶ್ವವಿದ್ಯಾಲಯಕ್ಕೆ ಸೇರಿತ್ತು ಎಂಬುದೇ ವಿಷಯ. ಕೈಯಲ್ಲಿರುವ ಕರಡಿನಲ್ಲಿ ಹೀಗಿದೆ: '1947ರವರೆಗೆ ಮುಂಬೈ ವಿಶ್ವವಿದ್ಯಾಲಯ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ, 1956ರ ಏಕೀಕರಣದ ನಂತರ ಕೆಲ ಕಾಲ ಮೈಸೂರು ವಿಶ್ವವಿದ್ಯಾಲಯ, ಈಗ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ.' ರಿಜಿಸ್ಟರಿನ ಜೊತೆ ಸಿಕ್ಕ ಪದವಿ ಪತ್ರಗಳಿಗೂ ಈ ಸಾಲಿಗೂ ತಾಳೆ ಬೀಳುತ್ತಿಲ್ಲ. 1948ರ ಪತ್ರದ ಮೇಲೂ ಮುಂಬೈ ಎಂದೇ ಇದೆ. ಮೈಸೂರಿನದ್ದು ಒಂದೂ ಇಲ್ಲ.

ಕರಡಿನಲ್ಲಿ ತಪ್ಪು ಎಲ್ಲಿದೆ? ಹಳೆಯ ವಿದ್ಯಾರ್ಥಿಗಳ ಮಕ್ಕಳು, ಮೊಮ್ಮಕ್ಕಳು ದಾಖಲೆಯ ನಕಲು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅವರಿಗೆ ಯಾವ ಊರಿನ ದಾರಿ ತೋರಿಸಬೇಕು?

ಮಲಪ್ರಭಾ_ದಂಡೆ:

ಕರಡು ಬರೆದವರು ರಾಜ್ಯದ ತಾರೀಖುಗಳನ್ನು ತಂದು ವಿಶ್ವವಿದ್ಯಾಲಯಕ್ಕೆ ಅಂಟಿಸಿದ್ದಾರೆ. ತಪ್ಪು ಇರುವುದು ಅಲ್ಲೇ. ಈ ಭಾಗದಲ್ಲಿ ಸರ್ಕಾರ ಬದಲಾದ ದಿನ ವಿಶ್ವವಿದ್ಯಾಲಯ ಬದಲಾಗಲಿಲ್ಲ, ವಿಶ್ವವಿದ್ಯಾಲಯ ಬದಲಾದಾಗ ಸರ್ಕಾರ ಇದ್ದಲ್ಲೇ ಇತ್ತು.

ಮೊದಲಿಂದ ನೋಡೋಣ. ಮುಂಬೈ ವಿಶ್ವವಿದ್ಯಾಲಯ ಶುರುವಾದದ್ದು 1857ರ ಜುಲೈ 18ರಂದು. ಬೆಳಗಾವಿ, ಬಿಜಾಪುರ, ಧಾರವಾಡ, 1862ರ ನಂತರ ಕಾರವಾರ ಎಲ್ಲವೂ ಮುಂಬೈ ಪ್ರಾಂತದಲ್ಲಿದ್ದುದರಿಂದ ಇಲ್ಲಿನವರ ಪದವಿ ಎಲ್ಲಿ ಓದಿದರೂ ಆ ವಿಶ್ವವಿದ್ಯಾಲಯದ್ದೇ. ಬೆಳಗಾವಿಯಲ್ಲಿ ಕಾಲೇಜು ಇಲ್ಲದ ಕಾಲದಲ್ಲಿ ಹುಡುಗರು ಪುಣೆಯ ಡೆಕ್ಕನ್, ಫರ್ಗ್ಯುಸನ್ ಅಥವಾ ಕೊಲ್ಲಾಪುರದ ರಾಜಾರಾಮ ಕಾಲೇಜಿಗೆ ಹೋಗುತ್ತಿದ್ದರು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು, 1919ರಲ್ಲಿ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜು ಆದವು. ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯ ಲಿಂಗರಾಜ ಕಾಲೇಜು ಬಂದದ್ದು 1933ರಲ್ಲಿ, ಕರ್ನಾಟಕ ಲಾ ಸೊಸೈಟಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿ. ಇವೆಲ್ಲ ಮುಂಬೈಗೇ ಸೇರಿದ್ದವು. ಕೊಲ್ಲಾಪುರ ಸಂಸ್ಥಾನದ್ದು, ಸಾಂಗ್ಲಿಯೂ ಸಂಸ್ಥಾನ, ಪುಣೆ ಬ್ರಿಟಿಷರದ್ದು. ಆಳುವವರು ಬೇರೆ ಬೇರೆ, ಪದವಿ ಪತ್ರ ಮಾತ್ರ ಒಂದೇ.

1947ರ ಆಗಸ್ಟ್ 15ರಂದು ಇದರಲ್ಲಿ ಏನೂ ಬದಲಾಗಲಿಲ್ಲ. ಹಾಗಾಗಿ ನಿಮ್ಮ 1948ರ ಪತ್ರ ಸರಿಯಾಗಿಯೇ ಇದೆ.

ಬದಲಾವಣೆ ಬಂದದ್ದು 1949ರಲ್ಲಿ. ಒಂದೇ ವಿಶ್ವವಿದ್ಯಾಲಯ ಗುಜರಾತಿನಿಂದ ಕಾರವಾರದವರೆಗಿನ ಕಾಲೇಜುಗಳನ್ನು ನೋಡಿಕೊಳ್ಳುವುದು ಅಸಾಧ್ಯವಾಗಿತ್ತು. ಆಗಿನ ಮುಂಬೈ ಸರ್ಕಾರ, ಅಂದರೆ ಬಿ.ಜಿ. ಖೇರ್ ಅವರ ಸರ್ಕಾರ, ಪ್ರಾಂತವನ್ನು ಒಡೆಯದೆ ವಿಶ್ವವಿದ್ಯಾಲಯವನ್ನು ಒಡೆಯಿತು. ಮರಾಠಿ ಭಾಗಕ್ಕೆ ಪುಣೆ, ಗುಜರಾತಿ ಭಾಗಕ್ಕೆ ಗುಜರಾತ್ ವಿಶ್ವವಿದ್ಯಾಲಯ, ಕನ್ನಡ ಭಾಗಕ್ಕೆ ಕರ್ನಾಟಕ ವಿಶ್ವವಿದ್ಯಾಲಯ. ಭಾಷಾವಾರು ರಾಜ್ಯ ಕೇಳಿದರೆ ಇನ್ನೂ ಸಮಿತಿಗಳ ಮೇಲೆ ಸಮಿತಿ ನಡೆಯುತ್ತಿದ್ದ ಕಾಲ ಅದು. ಕನ್ನಡ ಜಿಲ್ಲೆಗಳಿಗೆ ರಾಜ್ಯಕ್ಕಿಂತ 7 ವರ್ಷ ಮೊದಲೇ ವಿಶ್ವವಿದ್ಯಾಲಯ ದಕ್ಕಿತು. ನನ್ನ ಮಟ್ಟಿಗೆ ನಿಮ್ಮ ಟಿಪ್ಪಣಿಯ ಮುಖ್ಯ ಸಾಲು ಇದೇ ಆಗಬೇಕು.

ಇಲ್ಲೊಂದು ಗೊಂದಲ ಎಲ್ಲ ಸಂಚಿಕೆಗಳಲ್ಲೂ ಕಾಣುತ್ತದೆ. ಒಬ್ಬರು ಸ್ಥಾಪನೆ 1949 ಎನ್ನುತ್ತಾರೆ, ಇನ್ನೊಬ್ಬರು 1950. ಎರಡಕ್ಕೂ ಆಧಾರ ಇದೆ. ಕಾಯ್ದೆ 1949ರದ್ದು. 1949ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯದ ಕೆಲಸ ಆರಂಭವಾದದ್ದು ಮುಂಬೈ ನಗರದಲ್ಲೇ. ವಿಧ್ಯುಕ್ತ ಉದ್ಘಾಟನೆ 1950ರ ಮಾರ್ಚಿನಲ್ಲಿ. ಕಚೇರಿ ಧಾರವಾಡಕ್ಕೆ ಬಂದದ್ದು 1950ರ ಅಕ್ಟೋಬರಿನಲ್ಲಿ. ಯಾವುದರ ಬಗ್ಗೆ ಹೇಳುತ್ತಿದ್ದೀರಿ ಎಂದು ಬರೆದುಬಿಟ್ಟರೆ ಜಗಳ ಮುಗಿಯಿತು.

ಇನ್ನು 1956. 'ಮೈಸೂರು ವಿಶ್ವವಿದ್ಯಾಲಯ' ಎಂಬ ಮಾತನ್ನು ಪೂರ್ತಿ ಹೊಡೆದುಹಾಕಿ. ಬೆಳಗಾವಿ ಮೈಸೂರು *ರಾಜ್ಯಕ್ಕೆ* ಸೇರಿತು, ಮೈಸೂರು *ವಿಶ್ವವಿದ್ಯಾಲಯಕ್ಕೆ* ಅಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಮಿನ ಪ್ರಕಾರ, ಒಂದು ಪ್ರದೇಶ ಬೇರೆ ರಾಜ್ಯಕ್ಕೆ ಹೋದರೂ ಅಲ್ಲಿ ಜಾರಿಯಲ್ಲಿದ್ದ ಕಾನೂನು, ಹೊಸ ಶಾಸಕಾಂಗ ಅದನ್ನು ಬದಲಿಸುವವರೆಗೆ ಹಾಗೆಯೇ ಮುಂದುವರಿಯುತ್ತದೆ. ಮುಂಬೈ ಶಾಸಕಾಂಗ ಮಾಡಿದ ಕಾಯ್ದೆಯ ಮೇಲೆಯೇ ಧಾರವಾಡದ ವಿಶ್ವವಿದ್ಯಾಲಯ ನಡೆಯಿತು. ಬದಲಾದದ್ದು ಕುಲಾಧಿಪತಿಗಳು. ಅಲ್ಲಿಯವರೆಗೆ ಮುಂಬೈ ರಾಜ್ಯಪಾಲರು, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯಪಾಲರು, ಅಂದರೆ ಜಯಚಾಮರಾಜ ಒಡೆಯರು.

ಕುಲಪತಿಗಳಂತೂ ಬದಲಾಗಲೇ ಇಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು 1954ರಲ್ಲಿ, ಮುಂಬೈ ಆಡಳಿತದಲ್ಲಿ, ಕುಲಪತಿಯಾಗಿ ಬಂದವರು 1967ರವರೆಗೂ ಇದ್ದರು. ಎರಡು ರಾಜ್ಯ, ಒಬ್ಬರೇ ಕುಲಪತಿ. ಮುಂಬೈ ಸರ್ಕಾರದಲ್ಲಿ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದವರು ಅವರು, ಫೈಲು ಎಲ್ಲಿ ನಿಲ್ಲುತ್ತದೆ ಎಂದು ಚೆನ್ನಾಗಿ ಗೊತ್ತಿದ್ದವರು. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕ್ಯಾಂಪಸ್ ಎದ್ದದ್ದು ಅವರ ಅವಧಿಯಲ್ಲಿ. ಬೆಳಗಾವಿ ಜಿಲ್ಲೆಯವರ ಸಂಚಿಕೆಯಲ್ಲಿ ಅವರ ಹೆಸರು ಬಿಟ್ಟುಹೋದರೆ ಚೆನ್ನಾಗಿ ಕಾಣುವುದಿಲ್ಲ.

1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ವಿಶ್ವವಿದ್ಯಾಲಯದ ಮಟ್ಟಿಗೆ ಅದು ಲೆಟರ್‌ಹೆಡ್ಡಿನ ವಿಳಾಸದ ಬದಲಾವಣೆ ಅಷ್ಟೆ. ನಿಜವಾದ ಕಾನೂನು ಬದಲಾವಣೆ 1976ರದ್ದು. ಆಗ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಕಾಯ್ದೆ ಬಂದು, ಮುಂಬೈ ಕಾಲದ ಪ್ರತ್ಯೇಕ ಕಾಯ್ದೆ ಕೊನೆಗೊಂಡಿತು. ಈಗ ಇರುವುದು ಅದರ ಜಾಗಕ್ಕೆ ಬಂದ 2000ದ ಕಾಯ್ದೆ. ಹಳೆಯ ಗ್ರೂಪ್ ಫೋಟೊದ ಅಡಿ 'ಸೆನೆಟ್ ಸದಸ್ಯರು' ಎಂದಿದ್ದರೆ ಅದು 2000ದ ಕಾಯ್ದೆಗಿಂತ ಹಿಂದಿನದು. ಹೊಸ ಕಾಯ್ದೆಯಲ್ಲಿ ಸಿಂಡಿಕೇಟ್ ಇದೆ, ಸೆನೆಟ್ ಇಲ್ಲ.

ಕೊನೆಯದು 2010. ಧಾರವಾಡ ವಿಶ್ವವಿದ್ಯಾಲಯ 1982ರಲ್ಲಿ ಬೆಳಗಾವಿಯಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರ ಭೂತರಾಮನಹಟ್ಟಿಯಲ್ಲಿ ಬೆಳೆದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಬೆಳಗಾವಿ, ಬಿಜಾಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದಕ್ಕೆ ಹೋದವು. ಆಗ ಯಾವ ಗಡಿಯೂ ಸರಿದಿರಲಿಲ್ಲ.

ಗುಮ್ಮಟದ_ನೆರಳು:

ಮಲಪ್ರಭಾ ಸರ ಹೇಳಿದ್ದು ಬರೋಬ್ಬರಿ ಐತ್ರಿ. ವಿಜಾಪುರ ಕಡಿಂದ ಎರಡು ಮಾತು ಸೇರಸ್ತೀನಿ.

ಒಂದನೇದು ಮ್ಯಾಟ್ರಿಕ್ ವಿಷಯ. 1948ರ ತನಕ ಮ್ಯಾಟ್ರಿಕ್ ಪರೀಕ್ಷಾ ನಡಸ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯನ. ಆಮ್ಯಾಲೆ ಎಸ್‌ಎಸ್‌ಸಿ ಬೋರ್ಡ್ ಬಂತು, 1949ಕ್ಕ ಮೊದಲನೇ ಎಸ್‌ಎಸ್‌ಸಿ ಪರೀಕ್ಷಾ ಆತು. ಅದಕ್ಕ 'ಯೂನಿವರ್ಸಿಟಿ ಆಫ್ ಬಾಂಬೆ' ಅಂತ ಮ್ಯಾಲೆ ಬರದಿದ್ದ ಹಾಳಿ ಸಿಕ್ಕ ಕೂಡ್ಲೆ 'ನಮ್ಮ ಮುತ್ಯಾ ಗ್ರಾಜುಯೇಟ್ ಇದ್ದ' ಅಂತ ಅನ್ನಬ್ಯಾಡ್ರಿ. ಅದು ಮ್ಯಾಟ್ರಿಕ್ ಸರ್ಟಿಫಿಕೇಟ್ ಇರಬಹುದು. ಪೂರಾ ಓದ್ರಿ. ಬಿ.ಎ. ಅಂತ ಇದ್ರ ಪದವಿ, ಮ್ಯಾಟ್ರಿಕ್ಯುಲೇಷನ್ ಅಂತ ಇದ್ರ ಸಾಲಿ ಮುಗಿಸಿದ್ದು. ಸ್ಮರಣ ಸಂಚಿಕೆಯೊಳಗ ಈ ತಪ್ಪು ಭಾಳ ಆಗ್ತದ, ಆಮ್ಯಾಲೆ ಮನಿ ಮಂದಿ ಜೋಡಿ ತಕರಾರು.

ಕ್ಲಾಸಿನ ಹೆಸರೂ ಹಂಗ. ಮುಂಬೈ ಪದ್ಧತಿಯೊಳಗ ಎಫ್.ವೈ., ಇಂಟರ್, ಜೂನಿಯರ್ ಬಿ.ಎ., ಸೀನಿಯರ್ ಬಿ.ಎ. ಅಂತ ನಾಕು ವರ್ಷ. ರಿಜಿಸ್ಟರಿನ್ಯಾಗ 'ಇಂಟರ್ ಪಾಸ್' ಅಂದ್ರ ಎರಡು ವರ್ಷ ಮುಗಿಸ್ಯಾರ, ಡಿಗ್ರಿ ಆಗಿಲ್ಲ. 'ಟರ್ಮ್ಸ್ ಕೆಪ್ಟ್' ಅಂದ್ರ ಹಾಜರಿ ತುಂಬೇದ, ಪರೀಕ್ಷಾ ಪಾಸ್ ಅಂತ ಅಲ್ಲ. ಇಂಟರ್ ಹೋಗಿ ಒಂದು ವರ್ಷದ ಪಿಯುಸಿ ಬಂದಾಗೂ ಅದರ ಪರೀಕ್ಷಾ ವಿಶ್ವವಿದ್ಯಾಲಯದ್ದ ಇತ್ತು. ಎರಡು ವರ್ಷದ ಪಿಯುಸಿ ಎಪ್ಪತ್ತರ ದಶಕದ ಮಾತು.

ಎರಡನೇದು, ಸಂಸ್ಥಾನ. ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು. 1948ರ ಮಾರ್ಚಿಗೆ ಎರಡೂ ಮುಂಬೈ ಪ್ರಾಂತಕ್ಕ ವಿಲೀನ ಆದ್ವು. ಆದ್ರ ಅಲ್ಲಿ ಹುಡುಗೂರು ಅದಕ್ಕೂ ಮೊದಲ ಕುಂಡರ್ತಿದ್ದದ್ದು ಮುಂಬೈ ಪರೀಕ್ಷಾಕ್ಕನ. ಭೀಮಾ ಹೊಳಿ ಆಚಿ ಕಡಿ ಕಲಬುರ್ಗಿ ಮಾತ್ರ ಬ್ಯಾರೆ. ಅಲ್ಲಿ ನಿಜಾಮರ ರಾಜ್ಯ, ಉಸ್ಮಾನಿಯಾ ವಿಶ್ವವಿದ್ಯಾಲಯ, ಉರ್ದು ಮಾಧ್ಯಮ. 1956 ಆದಮ್ಯಾಲೆ ಅವರೂ ಧಾರವಾಡಕ್ಕ ಸೇರಿದ್ರು, 1980ಕ್ಕ ಗುಲಬರ್ಗಾ ವಿಶ್ವವಿದ್ಯಾಲಯ ಬಂದ ಮ್ಯಾಲೆ ಬ್ಯಾರೆ ಆದ್ರು. ಹೊಳಿ ಈ ದಂಡಿಗೂ ಆ ದಂಡಿಗೂ ಸಾಲಿ ಭಾಷಾನ ಬ್ಯಾರೆ ಇತ್ತು.

ಸಂಚಿಕೆ ಬರೇ ಕಲಾ ಕಾಲೇಜಿಂದು ಅಂದ್ರ ಇಷ್ಟ ಸಾಕು. ಇಂಜಿನಿಯರಿಂಗ್, ಮೆಡಿಕಲ್, ಲಾ ಇದ್ರ ಲೆಕ್ಕ ಬ್ಯಾರೆ ಆಗ್ತದ.

ಟಿಳಕವಾಡಿ_ಓದುಗ:

ಗುಮ್ಮಟದವರೇ, ಸಂಸ್ಥೆಯ ಕಾನೂನು ಕಾಲೇಜಿಗೂ ಒಂದು ಪುಟ ಇದೆ. ಹಾಗಾಗಿ ಅದನ್ನೂ ಹೇಳಿಬಿಡಿ. ಇನ್ನೊಂದು ಅನುಮಾನ: 1949ರ ನಂತರದ ಒಂದೆರಡು ವರ್ಷಕ್ಕೆ ರಿಜಿಸ್ಟರಿನಲ್ಲಿ ಎರಡೂ ಹೆಸರು ಬರುತ್ತವೆ. ಒಂದೇ ತರಗತಿಯವರಿಗೆ ಎರಡು ವಿಶ್ವವಿದ್ಯಾಲಯ ಹೇಗೆ?

ಘಟಪ್ರಭಾ_71:

ವೃತ್ತಿಪರ ಕಾಲೇಜುಗಳದ್ದು ನಾನು ಹೇಳುತ್ತೇನೆ. ಇವನ್ನೆಲ್ಲ ಧಾರವಾಡದಿಂದ ಒಂದೊಂದಾಗಿ ಕಿತ್ತುಕೊಂಡ ಹಾಗಾಯಿತು. ಕಿತ್ತದ್ದು ಊರಿನ ಲೆಕ್ಕದಲ್ಲಲ್ಲ, ವಿಷಯದ ಲೆಕ್ಕದಲ್ಲಿ.

ಕೃಷಿ ಮೊದಲೇ ಬೇರೆಯಾಗಿತ್ತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, 1986ರಲ್ಲಿ ಧಾರವಾಡದ್ದು, 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ. ಅರಭಾವಿಯ ತೋಟಗಾರಿಕೆ ಕಾಲೇಜು ಈಗ ಬಾಗಲಕೋಟೆಗೆ ಸೇರಿದೆ.

ವೈದ್ಯಕೀಯ 1996ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರದ್ದು. ಅಲ್ಲಿ ಓದಿದವರ ಪದವಿ ಪತ್ರ ಮೂರು ಬಗೆ: ಧಾರವಾಡ, ರಾಜೀವ್ ಗಾಂಧಿ, 2006ರಿಂದ ಕೆಎಲ್‌ಇ ಡೀಮ್ಡ್ ವಿಶ್ವವಿದ್ಯಾಲಯ. ಕಟ್ಟಡ ಅದೇ, ಕ್ಯಾಂಟೀನೂ ಅದೇ.

ಇಂಜಿನಿಯರಿಂಗ್ 1998ರಲ್ಲಿ ವಿಟಿಯುಗೆ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಬಂತು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದ್ದು, ಬೆಳಗಾವಿಯ ಗೋಗಟೆ ಕಾಲೇಜು 1979ರದ್ದು. ಅಲ್ಲಿ 1998ಕ್ಕೆ ಮೊದಲು ಸೇರಿದವರು ಧಾರವಾಡದ ಬಿ.ಇ. ವಿಟಿಯು ಕಚೇರಿ ಬೆಳಗಾವಿಯಲ್ಲೇ ಇದೆಯೆಂದು ಹಳೆಯ ಬ್ಯಾಚಿನವರು ಅಲ್ಲಿಗೆ ಹೋಗಿ ಅಂಕಪಟ್ಟಿ ಕೇಳುವುದುಂಟು. ಸಿಗುವುದಿಲ್ಲ, ಧಾರವಾಡಕ್ಕೇ ಹೋಗಬೇಕು.

ಕಾನೂನು 2009ರಲ್ಲಿ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ. ಹಾಗಾಗಿ 1939ರಲ್ಲಿ ಶುರುವಾದ ಕಾಲೇಜಿನ ಸಾಲು ಹೀಗಾಗುತ್ತದೆ: ಮುಂಬೈ, ಧಾರವಾಡ, ಹುಬ್ಬಳ್ಳಿ. ರಾಣಿ ಚನ್ನಮ್ಮ ಅಲ್ಲಿ ಬರುವುದಿಲ್ಲ. ನಿಮ್ಮ ಕರಡಿನ ಒಂದೇ ಸಾಲನ್ನು ಎರಡೂ ಕಾಲೇಜಿಗೆ ಹಾಕಿದರೆ ಕಾನೂನಿನವರು ಬಿಡುವುದಿಲ್ಲ!

ಮಹಿಳಾ ಕಾಲೇಜು ಇದ್ದರೆ ಮತ್ತೊಂದು ಕವಲು. 2003ರಲ್ಲಿ ಬಿಜಾಪುರದಲ್ಲಿ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಆಯಿತು, 2017ರಲ್ಲಿ ಅದಕ್ಕೆ ಅಕ್ಕಮಹಾದೇವಿ ಹೆಸರು ಬಂತು. 2016ರ ಪದವಿ ಪತ್ರದಲ್ಲಿ ಅಕ್ಕಮಹಾದೇವಿ ಹೆಸರು ಇಲ್ಲದಿದ್ದರೆ ಅನುಮಾನ ಬೇಡ.

ಮಲಪ್ರಭಾ_ದಂಡೆ:

ಟಿಳಕವಾಡಿಯವರ ಎರಡನೇ ಪ್ರಶ್ನೆಗೆ. ಹೊಸ ವಿಶ್ವವಿದ್ಯಾಲಯ ಆದಾಗಲೆಲ್ಲ ಹಳೆಯದರಲ್ಲಿ ಅರ್ಧ ದಾರಿ ಬಂದವರಿಗೆ ಅಲ್ಲೇ ಮುಗಿಸಲು ಅವಕಾಶ ಕೊಡುವುದು ರೂಢಿ. ಜೂನಿಯರ್ ಬಿ.ಎ. ಮುಂಬೈ ಪಠ್ಯದಲ್ಲಿ ಓದಿದವನಿಗೆ ಸೀನಿಯರ್‌ನಲ್ಲಿ ಬೇರೆ ಪಠ್ಯ ಕೊಡಲಾಗುವುದಿಲ್ಲ. ನಪಾಸಾಗಿ ಮತ್ತೆ ಕಟ್ಟಿದವರ ಲೆಕ್ಕ ಇನ್ನೂ ಬೇರೆ. 2010ರ ಆಸುಪಾಸಿನಲ್ಲೂ ಇದೇ ಆಯಿತು: ಒಂದೇ ಕಾಲೇಜಿನ ಹಿರಿಯ ತರಗತಿಯವರಿಗೆ ಧಾರವಾಡ, ಹೊಸದಾಗಿ ಸೇರಿದವರಿಗೆ ರಾಣಿ ಚನ್ನಮ್ಮ. ಆದ್ದರಿಂದ ಪಾಸಾದ ವರ್ಷ ನೋಡಬೇಡಿ, ಪ್ರವೇಶದ ವರ್ಷ ನೋಡಿ. ಸಂಧಿಕಾಲದ ಎರಡು ಮೂರು ವರ್ಷಕ್ಕೆ ಅದೂ ಸಾಲದು, ಪತ್ರದ ತಲೆಬರಹವೇ ಪ್ರಮಾಣ.

ಇನ್ನೊಂದು ಬಲೆ ಘಟಿಕೋತ್ಸವದ ತಾರೀಖು. ಮಾರ್ಚ್–ಏಪ್ರಿಲ್‌ನಲ್ಲಿ ಪರೀಕ್ಷೆ ಆದರೂ ಪದವಿ ಪ್ರದಾನ ತಿಂಗಳುಗಳ ನಂತರ, ಕೆಲವೊಮ್ಮೆ ಮುಂದಿನ ವರ್ಷ. ರಿಜಿಸ್ಟರ್ ಪರೀಕ್ಷೆಯ ವರ್ಷ ಹೇಳುತ್ತದೆ, ಪದವಿ ಪತ್ರ ಘಟಿಕೋತ್ಸವದ ವರ್ಷ ಹೇಳುತ್ತದೆ. ನಿಮ್ಮ ಕೋಷ್ಟಕದಲ್ಲಿ ಎರಡಕ್ಕೂ ಬೇರೆ ಬೇರೆ ಕಲಂ ಇಡಿ, ಪ್ರವೇಶಕ್ಕೆ ಮೂರನೆಯದು.

ಖಡಕ್_ಗಲ್ಲಿ:

ನಕಲು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ.

ಸೂತ್ರ ಒಂದೇ: ಪದವಿ ಪತ್ರದ ಮೇಲೆ ಯಾರ ಹೆಸರಿದೆಯೋ ಅವರೇ ನಕಲು ಕೊಡಬೇಕು. ಈಗ ಕಾಲೇಜು ಯಾರಿಗೆ ಸೇರಿದೆ ಎಂಬುದು ಲೆಕ್ಕಕ್ಕಿಲ್ಲ. ಮುಂಬೈ ಕಾಲದ್ದಾದರೆ ಮುಂಬೈ ವಿಶ್ವವಿದ್ಯಾಲಯ, ಅದರ ಪರೀಕ್ಷಾ ವಿಭಾಗ ಇರುವುದು ಕಲಿನಾದ ವಿದ್ಯಾನಗರಿ ಕ್ಯಾಂಪಸ್ಸಿನಲ್ಲಿ. ಅರ್ಜಿಯಲ್ಲಿ 'ಬಾಂಬೆ' ಎಂದಿದ್ದರೂ ನಡೆಯುತ್ತದೆ, ಹೆಸರು ಬದಲಾದದ್ದು 1996ರಲ್ಲಿ. ಧಾರವಾಡದ್ದಾದರೆ ಕವಿವಿಯ (ಕರ್ನಾಟಕ ವಿಶ್ವವಿದ್ಯಾಲಯದ) ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿ. 2009ರಲ್ಲಿ ಪಾಸಾದವರು ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೆ ಅದು ವಾಪಸ್ ಬರುತ್ತದೆ.

ಅರ್ಜಿಗೆ ಸಾಮಾನ್ಯವಾಗಿ ಬೇಕಾದದ್ದು: ಪರೀಕ್ಷೆಯ ತಿಂಗಳು ಮತ್ತು ವರ್ಷ, ಸೀಟ್ ನಂಬರ್ ಅಥವಾ ರಿಜಿಸ್ಟರ್ ನಂಬರ್, ಕಾಲೇಜಿನ ಹೆಸರು, ವಿಷಯ, ಪಡೆದ ದರ್ಜೆ, ಹಳೆಯ ಜೆರಾಕ್ಸ್ ಇದ್ದರೆ ಅದು. ಕಳೆದುಹೋಗಿದ್ದರೆ ಪೊಲೀಸರ ಸ್ವೀಕೃತಿ, ನೋಟರಿ ಮಾಡಿಸಿದ ಅಫಿಡವಿಟ್. ಕರ್ನಾಟಕದೊಳಗೆ ಕಳೆದುಹೋಗಿದ್ದರೆ ಪೊಲೀಸ್ ಇಲಾಖೆಯ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ ಸ್ವೀಕೃತಿ ಪಡೆಯಬಹುದು. ವಿದ್ಯಾರ್ಥಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ದಾಖಲೆ. ಶುಲ್ಕ ಆಗಾಗ ಬದಲಾಗುತ್ತದೆ, ಕಚೇರಿಯಲ್ಲಿ ಕೇಳಿಯೇ ಕಟ್ಟಿ.

ಅರ್ಜಿ ನಿಲ್ಲುವುದು ಎರಡು ಕಾರಣಕ್ಕೆ. ಒಂದು, ನಂಬರ್ ಇಲ್ಲದಿರುವುದು. ಅದನ್ನು ಮೊದಲು ಕಾಲೇಜಿನಲ್ಲೇ ಹುಡುಕಿ: ಜನರಲ್ ರಿಜಿಸ್ಟರ್, ಲೀವಿಂಗ್ ಸರ್ಟಿಫಿಕೇಟಿನ ಕೌಂಟರ್‌ಫಾಯಿಲ್, ವಿಶ್ವವಿದ್ಯಾಲಯ ಕಳಿಸಿದ ಫಲಿತಾಂಶದ ಹಾಳೆ. ಇನ್ನೊಂದು, ಹೆಸರು. ಮುಂಬೈ ಪದ್ಧತಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು. ಈಗ ಆಧಾರ್ ಕಾರ್ಡಿನಲ್ಲಿ ಇನಿಶಿಯಲ್ ಹಾಕಿ ಬರೆದದ್ದನ್ನೇ ಅರ್ಜಿಯಲ್ಲಿ ಬರೆದರೆ ಗುಮಾಸ್ತರು ಅಡ್ಡಹೆಸರಿನ (ಪಾಟೀಲ) 'ಪ' ಅಕ್ಷರದಲ್ಲಿ ಹುಡುಕಬೇಕಾದ್ದನ್ನು ಸ್ವಂತ ಹೆಸರಿನ (ಶಂಕರ) 'ಶ' ಅಕ್ಷರದಲ್ಲಿ ಹುಡುಕುತ್ತಾರೆ. ಪಾಟೀಲ, ದೇಸಾಯಿ, ಕುಲಕರ್ಣಿ ಅಂತೂ ಪುಟಗಟ್ಟಲೆ ಇರುತ್ತಾರೆ, ತಂದೆಯ ಹೆಸರು ಪೂರ್ತಿ ಬೇಕು. ಹೆಣ್ಣುಮಕ್ಕಳದ್ದು ಮದುವೆಗೆ ಮುಂಚಿನ ಹೆಸರಲ್ಲಿರುತ್ತದೆ.

ನಕಲಿಗೆ ದುಡ್ಡು ಖರ್ಚು ಮಾಡುವ ಮೊದಲು ಒಂದು ಪ್ರಶ್ನೆ: ಸಂಚಿಕೆಗೆ ನಕಲು ಬೇಕೇ? ಹೆಸರು ಖಾತ್ರಿ ಆದರೆ ಸಾಕು ಎಂದಾದರೆ ಮುಂಬೈ ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರ್‌ಗಳನ್ನು ನೋಡಿ. ಇವು ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಅಲ್ಲ, ನಿಯಮ, ಕಾಲೇಜುಗಳ ಪಟ್ಟಿ, ಪದವೀಧರರ ಪಟ್ಟಿ ಇರುವ ದಪ್ಪ ಪುಸ್ತಕ. ಹಳೆಯ ಕಾಲೇಜು ಗ್ರಂಥಾಲಯದ ಮೇಲಿನ ಕಪಾಟಿನಲ್ಲಿ ಧೂಳು ಹಿಡಿದು ಇದ್ದರೂ ಇದ್ದೀತು. ಸಂಯೋಜನೆಯ (ಕಾಲೇಜನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿದ) ಆದೇಶಗಳಿಗೆ ಮುಂಬೈ ಸರ್ಕಾರದ ಗೆಜೆಟ್, ಶಿಕ್ಷಣ ಇಲಾಖೆಯ ಕಡತ. ಅವು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ ನೋಡಬೇಕಾದವು. ಅಲ್ಲಿಗೆ ಹೋಗುವ ಮೊದಲು ಧಾರವಾಡದ ರಾಜ್ಯ ಪತ್ರಾಗಾರದ ಶಾಖೆಗೆ ಒಮ್ಮೆ ಹೋಗಿ ಬನ್ನಿ. 1956ರ ನಂತರದ್ದಕ್ಕೆ ಕಾಲೇಜಿನಲ್ಲೇ ಇರುವ ಎಲ್‌ಐಸಿ (ಕಾಲೇಜನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ) ಕಮಿಟಿಯ ವರದಿಗಳು ಸಾಕು, ಯಾವ ವಿಷಯಕ್ಕೆ ಯಾವ ವರ್ಷ ಅನುಮತಿ ಸಿಕ್ಕಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ದಯವಿಟ್ಟು ಯಾವ ಹಳೆಯ ಪತ್ರವನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಉಬ್ಬು ಮುದ್ರೆ ಚಪ್ಪಟೆಯಾಗುತ್ತದೆ, ಪ್ಲಾಸ್ಟಿಕ್ ಆಮೇಲೆ ಬಿಡುವುದಿಲ್ಲ. ಸೆಲೋಟೇಪೂ ಬೇಡ, ಅಂಟು ಹಳದಿಯಾಗಿ ಶಾಯಿಯನ್ನೇ ತಿನ್ನುತ್ತದೆ. ಬಿಚ್ಚಿ ಚಪ್ಪಟೆ ಇಟ್ಟು ಕನಿಷ್ಠ 300 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಮುದ್ರಣಕ್ಕಾದರೆ 600. ಉಬ್ಬು ಮುದ್ರೆ ಸ್ಕ್ಯಾನರಿನಲ್ಲಿ ಕಾಣುವುದಿಲ್ಲ. ಅದಕ್ಕೆ ಪಕ್ಕದಿಂದ ಬೆಳಕು ಬಿಟ್ಟು ಬೇರೆಯಾಗಿ ಒಂದು ಫೋಟೊ ತೆಗೆಯಿರಿ.

ಮೊಳೆ_ಜೋಡಿಸುವವ:

ಒಂದು ಸಣ್ಣ ವಿಷಯ, ಆದರೆ ಅಚ್ಚಿಗೆ ಹೋದ ಮೇಲೆ ತಿದ್ದಲಾಗದ್ದು. ಧಾರವಾಡ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನ ಕೊನೆಯಲ್ಲಿ 'ಎ' ಅಕ್ಷರ ಇಲ್ಲ. ಮುಂಬೈ ಪ್ರಾಂತದಲ್ಲಿ ನಮ್ಮ ಭಾಗವನ್ನು ಹಾಗೇ ಬರೆಯುತ್ತಿದ್ದರು, ಅದೇ ಉಳಿದುಕೊಂಡಿದೆ. ರಾಜ್ಯಕ್ಕೆ 1973ರಲ್ಲಿ ಬಂದ ಹೊಸ ಹೆಸರಿನ ಕೊನೆಯಲ್ಲಿ 'ಎ' ಇದೆ, ವಿಶ್ವವಿದ್ಯಾಲಯದ ಹೆಸರಿಗೆ ಅದು ಬರಲಿಲ್ಲ. ಸಂಚಿಕೆಯ ಇಂಗ್ಲಿಷ್ ಪುಟದಲ್ಲಿ ಪ್ರೂಫ್ ನೋಡುವವರು 'ತಪ್ಪು' ಎಂದು ಸೇರಿಸಿಬಿಡುತ್ತಾರೆ. ಆನ್‌ಲೈನ್ ಅರ್ಜಿಗಳಲ್ಲಿ ಹೆಸರು ಹುಡುಕುವಾಗಲೂ ಇದೇ ಕಾರಣಕ್ಕೆ ಸಿಗುವುದಿಲ್ಲ.

ಊರ ಹೆಸರೂ ನೋಡಿಕೊಳ್ಳಿ. ಬೆಳಗಾವಿ, ವಿಜಯಪುರ ಎಂದು ಇಂಗ್ಲಿಷಿನಲ್ಲೂ ಅಧಿಕೃತವಾದದ್ದು 2014ರ ನವೆಂಬರ್ 1ರಿಂದ. ಹಳೆಯ ಪತ್ರದ ಚಿತ್ರದ ಅಡಿಬರಹದಲ್ಲಿ ಪತ್ರದಲ್ಲಿ ಇದ್ದಂತೆಯೇ ಬರೆಯಿರಿ. ಬಾಗಲಕೋಟೆ 1997ರವರೆಗೆ ಬಿಜಾಪುರ ಜಿಲ್ಲೆಯಲ್ಲಿತ್ತು. ಚಂದಗಡ ಮಾತ್ರ 1956ರವರೆಗೆ ಬೆಳಗಾವಿ ಜಿಲ್ಲೆಯ ತಾಲ್ಲೂಕು, ಆಮೇಲೆ ಮುಂಬೈ ರಾಜ್ಯದಲ್ಲೇ ಉಳಿಯಿತು. ಅಲ್ಲಿನ ಕಾಲೇಜುಗಳು ಈಗ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದವು. ಆದರೆ ಚಂದಗಡದ ವಿದ್ಯಾರ್ಥಿ ಬೆಳಗಾವಿ ಕಾಲೇಜಿನಲ್ಲಿ ಓದಿದ್ದರೆ ಅವರಿಗೆ ಸಿಗುವುದು ಬೆಳಗಾವಿಯ ಆ ಕಾಲೇಜು ಸೇರಿದ ವಿಶ್ವವಿದ್ಯಾಲಯದ ಪದವಿಯೇ. ವಿಶ್ವವಿದ್ಯಾಲಯ ನೋಡುವುದು ಕಾಲೇಜು ಎಲ್ಲಿದೆ ಎಂದು, ಮನೆ ಎಲ್ಲಿದೆ ಎಂದಲ್ಲ.

ಘಟಪ್ರಭಾ_71:

ಬಾಗಲಕೋಟೆ ಮಾತು ಬಂತಲ್ಲ, ಸಂಸ್ಥೆಯ ಶಾಖೆ ಆ ಜಿಲ್ಲೆಯಲ್ಲಿದ್ದರೆ ಇನ್ನೂ ಒಂದು ಹೆಸರು ಸೇರುತ್ತದೆ. 2022ರ ತಿದ್ದುಪಡಿಯಲ್ಲಿ ಜಮಖಂಡಿಯನ್ನು ಕೇಂದ್ರ ಮಾಡಿ ಬಾಗಲಕೋಟೆ ವಿಶ್ವವಿದ್ಯಾಲಯ ಆಯಿತು. 2025ರಲ್ಲಿ ಸಂಪುಟ ಉಪಸಮಿತಿ ಇಂಥ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿದ್ದೂ ಉಂಟು. ಸಂಚಿಕೆ ಅಚ್ಚಾಗುವ ವಾರ ಆ ಒಂದು ಸಾಲನ್ನು ಮತ್ತೊಮ್ಮೆ ನೋಡಿ ಹಾಕಿ.

ಟಿಳಕವಾಡಿ_ಓದುಗ:

ಎಲ್ಲರಿಗೂ ಧನ್ಯವಾದ. ಕರಡಿನ ಆ ಸಾಲನ್ನು ತೆಗೆದು ಹೀಗೆ ಹಾಕುತ್ತಿದ್ದೇನೆ: 'ಆರಂಭದಿಂದ 1949–50ರವರೆಗೆ ಮುಂಬೈ, ಅಲ್ಲಿಂದ 2010ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದ ರಾಣಿ ಚನ್ನಮ್ಮ. ಸಂಧಿಕಾಲದ ತರಗತಿಗಳಿಗೆ ಪದವಿ ಪತ್ರವೇ ಆಧಾರ.' ಕಾನೂನು ಕಾಲೇಜಿಗೆ ಬೇರೆ ಸಾಲು.

ಗುಮ್ಮಟದ_ನೆರಳು:

ಬರೋಬ್ಬರಿ ಆತು. 1947, 1956 ಎರಡೂ ಅದರಾಗ ಇಲ್ಲ ನೋಡ್ರಿ. ಯಾರರೆ 'ಏಕೀಕರಣ ಯಾಕ ಬಿಟ್ರಿ' ಅಂತ ಕೇಳೇ ಕೇಳ್ತಾರ. ಕೆಳಗ ಒಂದು ಅಡಿಟಿಪ್ಪಣಿ ಹಾಕಿಬಿಡ್ರಿ.